ಶುಗರ್ ಸ್ಟ್ರಿಪ್‌ಗೆ ಬಿಸಿಲು, ಪಸೆ ಎರಡೂ ಆಗಿಬರುವುದಿಲ್ಲ

ಮಾನ್ಯ ಸಂಪಾದಕರೇ,

ನಾನು 31 ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿ ಕೆಲಸ ಮಾಡಿ ನಿವೃತ್ತಳಾದವಳು. ಸಿಂಧನೂರಿನಲ್ಲಿ ಮನೆ. ಕಳೆದ ವರ್ಷ ಏಪ್ರಿಲ್‌ನಲ್ಲಿ ನಮ್ಮ ಮನೆಯಲ್ಲಿ ನಡೆದದ್ದನ್ನು ನಿಮ್ಮ ಓದುಗರಿಗೆ ಹೇಳಲೇಬೇಕು ಅನಿಸಿದೆ. ಈ ಸಲದ ಬಿಸಿಲು ಆಗಲೇ ಶುರುವಾಗಿದೆ.

ನಮ್ಮ ಅತ್ತೆಗೆ 78 ವರ್ಷ. ಹದಿನೆಂಟು ವರ್ಷದಿಂದ ಶುಗರ್ ಇದೆ, ಇನ್ಸುಲಿನ್ ತಗೊಳ್ಳುತ್ತಾರೆ. ದಿನಕ್ಕೆ ಎರಡು ಸಲ ಮನೆಯಲ್ಲೇ ಬೆರಳು ಚುಚ್ಚಿ, ಮಷೀನಿಗೆ ಸಿಕ್ಕಿಸಿದ ಸ್ಟ್ರಿಪ್ ಅನ್ನುವ ಪುಟ್ಟ ಪಟ್ಟಿಗೆ ರಕ್ತದ ಹನಿ ತಾಗಿಸಿ ನೋಡುತ್ತೇವೆ. ಆ ವಾರ ರೀಡಿಂಗ್ ಏರುತ್ತಲೇ ಹೋಯಿತು. 220, 241, 263. ಊಟದಲ್ಲಿ ಏನೂ ಬದಲಾಗಿರಲಿಲ್ಲ. ಅದೇ ಜೋಳದ ರೊಟ್ಟಿ, ಅದೇ ಪುಂಡಿಪಲ್ಯ. ಡಾಕ್ಟರಿಗೆ ಫೋನ್ ಮಾಡಿ ನಂಬರ್ ಹೇಳಿದೆವು. ಅವರು ರಾತ್ರಿಯ ಇನ್ಸುಲಿನ್ ನಾಲ್ಕು ಯೂನಿಟ್ ಜಾಸ್ತಿ ಮಾಡಲು ಹೇಳಿದರು. ಅವರದೇನೂ ತಪ್ಪಿಲ್ಲ. ನಾವು ಕೊಟ್ಟ ನಂಬರ್ ನೋಡಿದರೆ ಯಾರಾದರೂ ಹಾಗೇ ಹೇಳುತ್ತಿದ್ದರು.

ಎರಡನೇ ರಾತ್ರಿ ಮೂರು ಗಂಟೆ ಇರಬೇಕು. "ಯಾಕೋ ಕೈಕಾಲು ನಡಗಾಕತ್ತಾವ ನೋಡವ್ವಾ" ಅಂತ ಅತ್ತೆ ಕೂಗಿದರು. ಹೋಗಿ ನೋಡಿದರೆ ಸೀರೆ, ದಿಂಬು ಎಲ್ಲ ಬೆವರಿನಿಂದ ತೊಯ್ದಿದೆ. ಬೆರಳು ಚುಚ್ಚಿದೆ. ಮಷೀನು 121 ಅಂತು. 121 ಇದ್ದವರು ಹಾಗೆ ನಡುಗುವುದಿಲ್ಲ, ಅಷ್ಟು ಬೆವರುವುದಿಲ್ಲ. ನಮ್ಮ ಯಜಮಾನರು ಬೆಲ್ಲ ಕರಗಿಸಿ ತರುವಷ್ಟರಲ್ಲಿ ನಾನು ಸ್ಟ್ರಿಪ್‌ನ ಹೊಸ ಡಬ್ಬಿ ಒಡೆದು ಇನ್ನೊಂದು ಬೆರಳು ಚುಚ್ಚಿದೆ. ಶುಗರ್ ತೀರಾ ಕಮ್ಮಿ ಇತ್ತು: 54.

ಬೆಲ್ಲದ ನೀರು ಕುಡಿದು ಕಾಲು ಗಂಟೆಯಲ್ಲಿ ಅತ್ತೆ ಚೇತರಿಸಿಕೊಂಡರು. ನನಗೆ ಮಾತ್ರ ಬೆಳಗಿನವರೆಗೂ ನಿದ್ದೆ ಬರಲಿಲ್ಲ. ಲ್ಯಾಬಿನಲ್ಲಿ ಇಷ್ಟು ವರ್ಷ ಕಳೆದ ನಾನೇ ಒಂದು ವಾರ ಆ ನಂಬರ್‌ಗಳನ್ನು ನಂಬಿ ಕೂತಿದ್ದೆ. ಆ 121 ನೋಡಿ "ಏನಿಲ್ಲ ಮಲಗ್ರಿ" ಅಂದಿದ್ದರೆ?

ಬೆಳಿಗ್ಗೆ ಹಳೆ ಡಬ್ಬಿಯನ್ನು ಹಿಡಿದು ನೋಡಿದೆ. ಅದು ಒಂದು ವಾರದಿಂದ ಕೂಲರ್ ಪಕ್ಕದ ಟೇಬಲ್ ಮೇಲೆ ಇತ್ತು. ಮುಚ್ಚಳ ಮೇಲೆ ಕೂತಿತ್ತು ಅಷ್ಟೇ, ಟಕ್ ಅನ್ನುವ ಹಾಗೆ ಯಾರೂ ಒತ್ತಿರಲಿಲ್ಲ. ನಮ್ಮ ಕಡೆ ಬೇಸಿಗೆಯಲ್ಲಿ ಕೂಲರ್ ಇಲ್ಲದೆ ಬದುಕಲಾಗದು, ಅದು ಬೀಸುವುದೆಲ್ಲ ಒದ್ದೆ ಗಾಳಿ. ಹೊರಗೆ 42 ಡಿಗ್ರಿ, ಪಕ್ಕದಲ್ಲಿ ನೀರಿನ ಪಸೆ. ಸ್ಟ್ರಿಪ್ ಕೆಡಲು ಇದಕ್ಕಿಂತ ಹೆಚ್ಚೇನು ಬೇಕು?

ಎಷ್ಟೋ ಜನರಿಗೆ ಸ್ಟ್ರಿಪ್ ಅಂದರೆ ಸುಮ್ನೆ ಒಂದು ಪ್ಲಾಸ್ಟಿಕ್ ತುಂಡು. ಬುದ್ಧಿಯೆಲ್ಲ ಮಷೀನಿನಲ್ಲಿದೆ ಅಂದುಕೊಂಡಿದ್ದಾರೆ. ನಾನು ಒಂದು ಸ್ಟ್ರಿಪ್‌ನ ಮೇಲಿನ ಪೊರೆಯನ್ನು ಬ್ಲೇಡಿನಿಂದ ಎಬ್ಬಿಸಿ ಭೂತಗನ್ನಡಿಯಲ್ಲಿ ನೋಡಿದೆ. ಪ್ಲಾಸ್ಟಿಕ್ ಹಾಳೆಯ ಮೇಲೆ ಬಂಗಾರದ ಬಣ್ಣದ ಗೆರೆಗಳು. ನಡುನಡುವೆ ಕೂದಲಿನಷ್ಟು ಸಂದು. ಕೆಲವು ಕಂಪನಿಗಳು ಹೀಗೆ ಚಿನ್ನ ಅಥವಾ ಪಲ್ಲಾಡಿಯಂ ಲೋಹದ ತೆಳು ಪದರ ಹಾಕಿ ಲೇಸರ್‌ನಿಂದ ಗೆರೆ ಕೊರೆಯುತ್ತವೆ. ಕೆಲವು ಇಂಗಾಲದ ಶಾಯಿಯನ್ನು ಸ್ಕ್ರೀನ್ ಪ್ರಿಂಟಿಂಗ್ ಮಾಡುತ್ತವೆ, ಮದುವೆ ಕಾರ್ಡ್ ಮುದ್ರಿಸಿದ ಹಾಗೆ. ಲೋಹದ ಪದರವಂತೂ ನಮ್ಮ ಕೂದಲಿಗಿಂತ ಸಾವಿರಪಟ್ಟು ತೆಳ್ಳಗಿರಬಲ್ಲದು. ಆ ಗೆರೆಗಳೇ ಎಲೆಕ್ಟ್ರೋಡ್‌ಗಳು, ಅಂದರೆ ಕರೆಂಟ್ ಹರಿಯುವ ದಾರಿ. ರಕ್ತ ಒಳಗೆ ಸೇರುವ ತುದಿಯಲ್ಲಿ ಒಂದು ಸಣ್ಣ ಹಳದಿ ಕಲೆ ಇತ್ತು. ಆ ಹಳದಿ ನನಗೆ ಗುರುತು ಸಿಕ್ಕಿತು. ಹಿಮೋಗ್ಲೋಬಿನ್ ನೋಡಲು ನಾವು ವರ್ಷಗಟ್ಟಲೆ ಬಳಸಿದ ಡ್ರಾಬ್ಕಿನ್ ದ್ರಾವಣದ ಹಳದಿ ಅದು. ಪೊಟ್ಯಾಸಿಯಂ ಫೆರಿಸಯನೈಡ್ ಅನ್ನುವ ರಾಸಾಯನಿಕ.

ಆ ಹಳದಿ ಕಲೆಯಲ್ಲಿ ಒಂದು ಕಿಣ್ವವೂ ಇರುತ್ತದೆ. ಎಷ್ಟೋ ಸ್ಟ್ರಿಪ್‌ಗಳಲ್ಲಿ ಅದು ಗ್ಲೂಕೋಸ್ ಆಕ್ಸಿಡೇಸ್. ಉಳ್ಳಾಗಡ್ಡಿ ಸಿಪ್ಪೆಯ ಮೇಲೆ ಕಪ್ಪಗೆ ಹಿಡಿಯುವ ಬೂಷ್ಟು ಇದೆಯಲ್ಲ, ಆ ಜಾತಿಯಿಂದಲೇ ಇದನ್ನು ತೆಗೆಯುತ್ತಾರೆ. ಒಂದು ಮೈಕ್ರೋಲೀಟರ್‌ನಷ್ಟು ರಕ್ತ ಒಳಗೆ ಎಳೆದುಕೊಂಡಾಗ ಈ ಕಿಣ್ವ ಸಕ್ಕರೆಯಿಂದ ಎಲೆಕ್ಟ್ರಾನ್ ಕಿತ್ತು ಫೆರಿಸಯನೈಡ್‌ಗೆ ಕೊಡುತ್ತದೆ. ಅದು ಫೆರೋಸಯನೈಡ್ ಆಗುತ್ತದೆ. ಮಷೀನು ಸಣ್ಣ ವೋಲ್ಟೇಜ್ ಕೊಟ್ಟಾಗ ಆ ಫೆರೋಸಯನೈಡ್ ತಾನು ಪಡೆದ ಎಲೆಕ್ಟ್ರಾನ್‌ಗಳನ್ನು ಎಲೆಕ್ಟ್ರೋಡ್‌ಗೆ ಒಪ್ಪಿಸುತ್ತದೆ. ಎಷ್ಟು ಸಕ್ಕರೆಯೋ ಅಷ್ಟು ಕರೆಂಟ್. ಐದು ಸೆಕೆಂಡಿನಲ್ಲಿ ಇಷ್ಟೆಲ್ಲ ಮುಗಿಯುತ್ತದೆ. ಶುಗರ್ ನೋಡಲು ಬೆನಡಿಕ್ಟ್ ದ್ರಾವಣದಲ್ಲಿ ಮೂತ್ರ ಕಾಯಿಸಿ ನೀಲಿ, ಹಸಿರು, ಇಟ್ಟಿಗೆ ಕೆಂಪು ಅಂತ ಬಣ್ಣ ನೋಡಿ ಬರೆಯುತ್ತಿದ್ದ ನನಗೆ ಇದು ಈಗಲೂ ಬೆರಗೇ.

ಆದರೆ ಮಷೀನಿಗೆ ಸಕ್ಕರೆ ಕಾಣುವುದಿಲ್ಲ, ಕರೆಂಟ್ ಮಾತ್ರ ಗೊತ್ತು. ಶಾಖಕ್ಕೆ, ಪಸೆಗೆ ಆ ಫೆರಿಸಯನೈಡ್‌ನಲ್ಲಿ ಸ್ವಲ್ಪ ಭಾಗ ರಕ್ತ ತಾಗುವ ಮೊದಲೇ ಫೆರೋಸಯನೈಡ್ ಆಗಿಬಿಟ್ಟಿದ್ದರೆ ಆ ಕರೆಂಟನ್ನೂ ಮಷೀನು ಸಕ್ಕರೆಯ ಲೆಕ್ಕಕ್ಕೇ ಸೇರಿಸುತ್ತದೆ. ನಮ್ಮ ಡಬ್ಬಿಯಲ್ಲಿ ಆಗಿದ್ದು ಇದೇ ಅಂತ ನನ್ನ ಅಂದಾಜು. ಕಿಣ್ವವೇ ಸತ್ತಿದ್ದರೆ ಉಲ್ಟಾ, ರೀಡಿಂಗ್ ಕಮ್ಮಿ ತೋರಿಸುತ್ತದೆ. ಎರಡೂ ಅಪಾಯವೇ, ಅಲ್ವಾ?

ಈ ಅಂದಾಜನ್ನು ಪರೀಕ್ಷಿಸಿ ನೋಡಬೇಕಿತ್ತು. ಅದಕ್ಕೆ ಕಂಟ್ರೋಲ್ ಸಲ್ಯೂಷನ್ ಅಂತ ಒಂದು ಪುಟ್ಟ ಸೀಸೆ ಬರುತ್ತದೆ. ಅದರಲ್ಲಿ ಎಷ್ಟು ಸಕ್ಕರೆ ಇದೆ ಅನ್ನುವುದು ಮೊದಲೇ ಗೊತ್ತಿರುತ್ತದೆ. ರಕ್ತದ ಬದಲು ಅದರ ಹನಿ ಹಾಕಿದರೆ ಡಬ್ಬಿಯ ಮೇಲೆ ಅಚ್ಚಾದ ಎರಡು ಅಂಕಿಗಳ ನಡುವೆ ರೀಡಿಂಗ್ ಬರಬೇಕು. ಲ್ಯಾಬಿನಲ್ಲಿ ಕಂಟ್ರೋಲ್ ಹಾಕದೆ ನಾವು ದಿನದ ಕೆಲಸ ಶುರು ಮಾಡುತ್ತಿರಲಿಲ್ಲ. ಸರಿ, ನಾಲ್ಕು ಮೆಡಿಕಲ್ ಶಾಪ್ ಸುತ್ತಿದೆ. ಎಲ್ಲೂ ಇಲ್ಲ. ಒಂದು ಅಂಗಡಿಯ ಹುಡುಗ "ಅಕ್ಕಾರ, ಹಂಗಂದ್ರ ಏನ್ರಿ?" ಅಂತ ನನ್ನನ್ನೇ ಕೇಳಿದ. ಕೊನೆಗೆ ಕಂಪನಿಯ ನಂಬರ್‌ಗೆ ಫೋನ್ ಮಾಡಿದೆ. ಒಂಬತ್ತು ದಿನಕ್ಕೆ ಕೊರಿಯರ್‌ನಲ್ಲಿ ಬಂತು. ಡಬ್ಬಿಯ ಮೇಲೆ ಇದ್ದದ್ದು 98ರಿಂದ 132. ಹೊಸ ಡಬ್ಬಿಯ ಸ್ಟ್ರಿಪ್‌ಗಳು 114, 117 ಅಂದವು. ಹಳೆಯವು 178, 171, 183. ಆ ಮೂರು ಅಂಕಿಗಳನ್ನು ಅತ್ತೆಯ ಶುಗರ್ ಬರೆಯುವ ನೋಟ್‌ಬುಕ್ಕಿನಲ್ಲಿ ಕೆಂಪು ಪೆನ್ನಿನಲ್ಲಿ ಬರೆದಿಟ್ಟಿದ್ದೇನೆ.

ಸ್ಟ್ರಿಪ್ ಅಂದಮೇಲೆ ಸ್ವಲ್ಪ ಹೆಚ್ಚುಕಡಿಮೆ ಇದ್ದದ್ದೇ. 2013ರ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, ಶುಗರ್ ನೂರು ಅಥವಾ ಅದಕ್ಕಿಂತ ಮೇಲೆ ಇದ್ದಾಗ, ನೂರರಲ್ಲಿ 95 ರೀಡಿಂಗ್‌ಗಳು ಲ್ಯಾಬ್ ರೀಡಿಂಗಿನ 15 ಪರ್ಸೆಂಟ್ ಆಚೆಈಚೆ ಇದ್ದರೆ ಸಾಕು. ಅಂದರೆ ನಿಜವಾದ 200 ಇದ್ದಾಗ 170 ಬಂದರೂ, 230 ಬಂದರೂ ಸರಿಯೇ. ಹತ್ತು-ಹದಿನೈದು ವ್ಯತ್ಯಾಸಕ್ಕೆ ಗಾಬರಿ ಬೇಡ. ನಾನು ಹೇಳುತ್ತಿರುವುದು 54 ಇದ್ದದ್ದು 121 ಆಗುವ ಮಾತು.

ಅಮೆರಿಕದ ಲೀಲ್ಯಾಂಡ್ ಕ್ಲಾರ್ಕ್ ಅನ್ನುವವರು 1962ರಲ್ಲಿ, ಎಲೆಕ್ಟ್ರೋಡ್ ಮೇಲೆ ಕಿಣ್ವ ಕೂರಿಸಿ ಸಕ್ಕರೆ ಅಳೆಯಬಹುದು ಅಂತ ಮೊದಲು ತೋರಿಸಿಕೊಟ್ಟರು. 1987ರ ಹೊತ್ತಿಗೆ ಪೆನ್ನಿನಷ್ಟು ಸಣ್ಣ ಮೀಟರ್ ಮಾರುಕಟ್ಟೆಗೆ ಬಂತು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಪ್ರೊಫೆಸರ್ ನವಕಾಂತ ಭಟ್ ಅವರ ತಂಡ ಇಂಥ ಸ್ಟ್ರಿಪ್‌ಗಳ ಮೇಲೆ ಕೆಲಸ ಮಾಡಿದೆ. ಒಂದೇ ಕೈಮಷೀನಿನಲ್ಲಿ ಶುಗರ್ ಅಷ್ಟೇ ಅಲ್ಲದೆ ಮೂರು ತಿಂಗಳ ಸರಾಸರಿ, ಹಿಮೋಗ್ಲೋಬಿನ್, ಮೂತ್ರದ ಆಲ್ಬುಮಿನ್ ಕೂಡ ನೋಡುವಂತೆ ಮಾಡಿದ್ದಾರೆ. ಓದಿದಾಗ ಹೆಮ್ಮೆಯಾಯಿತು. ಇಷ್ಟು ಬುದ್ಧಿ ಖರ್ಚು ಮಾಡಿ ತಯಾರಿಸಿದ್ದು ನಮ್ಮ ಊರಿಗೆ ಬರುವಷ್ಟರಲ್ಲಿ ಬಿಸಿಲಿಗೆ ಬೆಂದು ಹೋದರೆ ಹೇಗೆ?

ಬರುವ ದಾರಿಯನ್ನೇ ನೋಡಿ. ಡಬ್ಬಿಯ ಮೇಲೆ 30 ಡಿಗ್ರಿ ಒಳಗೆ ಇಡಿ ಅಂತ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ಇಂಗ್ಲಿಷ್‌ನಲ್ಲಿ ಬರೆದಿರುತ್ತಾರೆ. ಗೂಡ್ಸ್ ಗಾಡಿಯಲ್ಲಿ, ಅಲ್ಲಿಂದ ಬೈಕಿನ ಪೆಟ್ಟಿಗೆಯಲ್ಲಿ, ಕೊನೆಗೆ ಪಡುವಣ ಬಿಸಿಲು ಬೀಳುವ ಗಾಜಿನ ಶೋಕೇಸ್‌ಗೆ. ಇನ್ಸುಲಿನ್‌ಗಾದರೆ ಫ್ರಿಜ್ ಬೇಕು ಅಂತ ಎಲ್ಲರಿಗೂ ಗೊತ್ತಾಗಿದೆ. ಸ್ಟ್ರಿಪ್ ಬಗ್ಗೆ ಆ ಎಚ್ಚರ ಇಲ್ಲ. ಹಾಗಂತ ಸ್ಟ್ರಿಪ್ ಡಬ್ಬಿಯನ್ನು ಫ್ರಿಜ್‌ನಲ್ಲಿ ಇಡಬೇಡಿ. ಹೊರಗೆ ತೆಗೆದು ಮುಚ್ಚಳ ಬಿಚ್ಚಿದ ಕೂಡಲೇ ಒಳಗೆ ಪಸೆ ಕೂರುತ್ತದೆ. ಇನ್ನೊಂದು ಅಭ್ಯಾಸ, ಐದಾರು ಸ್ಟ್ರಿಪ್ ಪೇಪರಿನಲ್ಲಿ ಸುತ್ತಿ ತಂಗಿಗೋ ಬೀಗರಿಗೋ ಕೊಡುವುದು. ಡಬ್ಬಿಯಲ್ಲಿ ಪಸೆ ಹೀರುವ ಪದಾರ್ಥ ಇರುತ್ತದೆ, ಪೇಪರಿನಲ್ಲಿ ಏನಿದೆ? ಒಂದು ಸ್ಟ್ರಿಪ್‌ಗೆ ಹದಿನೈದು-ಇಪ್ಪತ್ತು ರೂಪಾಯಿ. ಹಂಚಿಕೊಳ್ಳುವ ಮನಸ್ಸು ಯಾಕೆ ಬರುತ್ತದೆ ಅಂತ ನನಗೂ ಗೊತ್ತು. ಆದರೂ ಬೇಡ. ಮತ್ತೆ ಕೈ ತೊಳೆದು ಒರೆಸಿಕೊಂಡೇ ಚುಚ್ಚಬೇಕು. ಹೋಳಿಗೆಗೆ ಹೂರಣ ಕಲಸಿದ ಕೈಯಲ್ಲಿ ನೋಡಿ 340 ಬಂದಿದೆ ಅಂತ ಗಾಬರಿಯಾಗಿ ನಮ್ಮ ಮನೆಗೆ ಓಡಿ ಬಂದವರಿದ್ದಾರೆ. ತೊಳೆದು ನೋಡಿದರೆ 172.

ನನ್ನನ್ನು ಹೆಚ್ಚು ಕಾಡುವುದು ಹಳ್ಳಿಯ ಬಸುರಿಯರ ವಿಚಾರ. ರಕ್ತ ಕಮ್ಮಿ ಇದ್ದವರಲ್ಲಿ ಎಷ್ಟೋ ಸ್ಟ್ರಿಪ್‌ಗಳು ಶುಗರನ್ನು ಜಾಸ್ತಿ ತೋರಿಸುತ್ತವೆ. ಕೆಂಪು ಕಣ ಕಮ್ಮಿ ಇದ್ದಷ್ಟೂ ಸಕ್ಕರೆ ಸಲೀಸಾಗಿ ಎಲೆಕ್ಟ್ರೋಡ್ ಮುಟ್ಟುತ್ತದೆ. ಹೊಸ ಮಷೀನುಗಳಲ್ಲಿ ಕೆಲವು ಇದನ್ನು ತಾವೇ ಸರಿಮಾಡಿಕೊಳ್ಳುತ್ತವೆ, ಎಲ್ಲವೂ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇದೆ. ನಾನು ಲ್ಯಾಬಿನಲ್ಲಿ ಇದ್ದಾಗ ಹಿಮೋಗ್ಲೋಬಿನ್ 7 ಇರುವ ಬಸುರಿಯರು ವಾರಕ್ಕೆ ನಾಲ್ಕೈದು ಜನ ಬರುತ್ತಿದ್ದರು. ಇಂಥವರಿಗೆ ಸ್ಟ್ರಿಪ್‌ನಲ್ಲಿ ಶುಗರ್ ಬಂತು ಅಂದರೆ ತೋಳಿನ ರಕ್ತ ತೆಗೆದು ಲ್ಯಾಬಿನಲ್ಲಿ ಇನ್ನೊಮ್ಮೆ ನೋಡಲೇಬೇಕು. ಬೆರಳಿನ ರೀಡಿಂಗ್ ಒಂದನ್ನೇ ನಂಬಿ ಔಷಧಿ ಬರೆಯಬಾರದು.

ಹಾಗಾಗಿ ಕೆಲವು ಬೇಡಿಕೆ. ಕರ್ನಾಟಕದಲ್ಲಿ ಮಾರುವ ಸ್ಟ್ರಿಪ್ ಡಬ್ಬಿಯ ಮೇಲೆ "30 ಡಿಗ್ರಿಗಿಂತ ತಂಪಾದ ಜಾಗದಲ್ಲಿ ಇಡಿ, ತೆಗೆದ ಕೂಡಲೇ ಮುಚ್ಚಿ" ಅನ್ನುವ ಎರಡು ಸಾಲು ಕನ್ನಡದಲ್ಲಿ, ಓದಲು ಬರುವಷ್ಟು ದಪ್ಪಗೆ ಬರಲಿ. ಡಬ್ಬಿ ಒಡೆದ ತಾರೀಖು ಬರೆಯಲು ಖಾಲಿ ಜಾಗವೂ ಇರಲಿ, ಯಾಕೆಂದರೆ ಎಷ್ಟೋ ಸ್ಟ್ರಿಪ್‌ಗಳನ್ನು ಒಡೆದ ಮೂರು ತಿಂಗಳೊಳಗೆ ಮುಗಿಸಬೇಕು. ಕಂಟ್ರೋಲ್ ಸಲ್ಯೂಷನ್ ಮಷೀನಿನ ಜತೆಗೇ ಕೊಡಲಿ, ಇಲ್ಲವೇ ತಾಲ್ಲೂಕಿಗೆ ಒಂದು ಅಂಗಡಿಯಲ್ಲಾದರೂ ಸಿಗಲಿ. ಮನೆಮನೆಗೆ ಹೋಗಿ ಶುಗರ್ ನೋಡುವ ಆಶಾ ಕಾರ್ಯಕರ್ತೆಯರಿಗೆ ಬಿಸಿಲು ತಾಗದ ಚೀಲ ಕೊಡಿ. ಮಧ್ಯಾಹ್ನ ಎರಡು ಗಂಟೆಗೆ ಬರಿ ಛತ್ರಿ ಹಿಡಿದು ಓಣಿ ಓಣಿ ತಿರುಗುತ್ತಾರೆ ಆ ಹೆಣ್ಣುಮಕ್ಕಳು. ಹೆಗಲ ಚೀಲದಲ್ಲಿ ಆ ಡಬ್ಬಿ ಕುದಿಯುತ್ತಿರುತ್ತದೆ. ವಾರಕ್ಕೊಮ್ಮೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಂಟ್ರೋಲ್ ಹನಿ ಹಾಕಿ ಅವರ ಸ್ಟ್ರಿಪ್ ಸರಿ ಇದೆಯೇ ಅಂತ ನೋಡಲು ಹತ್ತು ನಿಮಿಷ ಸಾಕು. ನಿವೃತ್ತರಾದ ನನ್ನಂಥ ಟೆಕ್ನಿಷಿಯನ್‌ಗಳು ಪ್ರತಿ ತಾಲ್ಲೂಕಿನಲ್ಲೂ ಇದ್ದೇವೆ. ಕರೆದರೆ ಬಂದು ಕಲಿಸಿಕೊಡುತ್ತೇವೆ, ಸಂಬಳ ಬೇಡ.

ಕಂಪನಿಯವರಿಗೆ ಒಂದು ಪ್ರಶ್ನೆಯೂ ಇದೆ. ಅತ್ತೆಯ ಡಬ್ಬಿಯನ್ನು ಈಗ ಒಳಕೋಣೆಯಲ್ಲಿ, ಜೋಳದ ಗಡಿಗೆಗಳ ಹಿಂದೆ ಇಟ್ಟಿದ್ದೇನೆ. ಪಕ್ಕದಲ್ಲೇ ಒಂದು ಥರ್ಮಾಮೀಟರ್ ನೇತುಹಾಕಿದ್ದೇನೆ. ನಿನ್ನೆ ಮಧ್ಯಾಹ್ನ ಅದು 33 ತೋರಿಸುತ್ತಿತ್ತು. ನಮ್ಮ ಮನೆಯಲ್ಲಿ ಅದಕ್ಕಿಂತ ತಂಪಾದ ಜಾಗ ಇಲ್ಲ. ರಾಯಚೂರು, ಕಲಬುರಗಿ, ಬಳ್ಳಾರಿಯ ಮನೆಗಳಲ್ಲಿ ಸ್ಟ್ರಿಪ್ ಎಲ್ಲಿ ಇಡಬೇಕು, ಹೇಳಿ.

ನಿವೃತ್ತ ಲ್ಯಾಬ್ ಟೆಕ್ನಿಷಿಯನ್, ಸಿಂಧನೂರು, ರಾಯಚೂರು ಜಿಲ್ಲೆ