ಸಾವನದುರ್ಗ ಬರೆದವರು ಯಾರ ಜೊತೆ ಬಂದಿದ್ದರು?

ಸಂಪಾದಕರೇ,

ಹೋದ ಭಾನುವಾರ ಮೈಸೂರಿನಲ್ಲಿ ಒಂದು ಚಿತ್ರ ಪ್ರದರ್ಶನಕ್ಕೆ ಹೋಗಿದ್ದೆ. ಅತಿಥಿಯಾಗಿ ಬಂದವರೊಬ್ಬರು, ನಿಸರ್ಗ ಚಿತ್ರದಲ್ಲಿ ರಾಜಕೀಯ ಹುಡುಕಬೇಡಿ, ಸುಮ್ನೆ ಕಣ್ಣು ತಂಪು ಮಾಡಿಕೊಂಡು ಹೋಗಿ ಅಂದರು. ಜೋರು ಚಪ್ಪಾಳೆ. ನನಗೆ ಕೈ ಏಳಲಿಲ್ಲ.

ನಾನು ಶ್ರೀರಂಗಪಟ್ಟಣದವನು. ನಮ್ಮ ದರಿಯಾ ದೌಲತ್ ಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧದ ಚಿತ್ರ ಇದೆ. ಅದರಲ್ಲಿ ರಾಜಕೀಯ ಇದೆ ಅಂತ ಯಾರೂ ಹೇಳಿಕೊಡಬೇಕಿಲ್ಲ, ಆನೆ, ಕುದುರೆ, ಫಿರಂಗಿ ಎಲ್ಲ ಕಾಣುತ್ತೆ. ಆದರೆ ಸಾವನದುರ್ಗದ ಹಳೇ ಇಂಗ್ಲಿಷ್ ಚಿತ್ರ ತೋರಿಸಿದರೆ ಎಂಥ ಬೆಟ್ಟ, ಎಂಥ ಆಕಾಶ ಅಂತೀವಿ. ಅದನ್ನು ಬರೆದವರಲ್ಲಿ ಒಬ್ಬ ರಾಬರ್ಟ್ ಹೋಮ್. 1791ರಲ್ಲಿ ಟಿಪ್ಪು ಮೇಲೆ ದಂಡೆತ್ತಿ ಬಂದ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಸೇನೆಯ ಜೊತೆ ಬಂದ ಕಲಾವಿದ ಆತ. ಆ ಡಿಸೆಂಬರಿನಲ್ಲೇ ಸೇನೆ ಸಾವನದುರ್ಗ ಹಿಡಿಯಿತು. ಆಗ ಮೈಸೂರು ಸೀಮೆಯ ನೋಟಗಳನ್ನು ಬರೆದ ಇನ್ನಿಬ್ಬರಲ್ಲಿ ಅಲನ್ ಸೈನ್ಯದ ಅಧಿಕಾರಿ, ಕೋಲ್‌ಬ್ರೂಕ್ ಸರ್ವೆಯರ್. 1792ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, ಇಬ್ಬರು ಮಕ್ಕಳನ್ನು ಒತ್ತೆ ಇಟ್ಟ, ಎರಡು ವರ್ಷದಲ್ಲಿ ಈ ಬೆಟ್ಟಗಳೆಲ್ಲ ಲಂಡನ್ನಿನಲ್ಲಿ ಅಚ್ಚಾಗಿ ಅಲ್ಲಿನ ದೊಡ್ಡ ಮನೆಗಳ ಮೇಜಿನ ಮೇಲೆ ಕೂತವು. ಪುಟ ತಿರುವುವವನಿಗೆ ಅದು ತನ್ನವರು ಗೆದ್ದ ಸೀಮೆ, ಅಲ್ವಾ? ಅದೇ ಸೇನೆ ಗಂಜಾಂ ಹತ್ತಿರದ ಲಾಲ್‌ಬಾಗಿನಲ್ಲಿ ಬೀಡು ಬಿಟ್ಟು, ಮುತ್ತಿಗೆ ಕೆಲಸಕ್ಕೆ ಸುಲ್ತಾನನ ತೋಟದ ಮರಗಳನ್ನೇ ಕಡಿದುಹಾಕಿತ್ತು. ಇಷ್ಟು ಗೊತ್ತಾದ ಮೇಲೆ ಆ ಚಿತ್ರಗಳಲ್ಲಿನ ಮರ ನೋಡುವ ಕಣ್ಣೇ ಬೇರೆ ಆಗುತ್ತೆ.

ಬೈಯೋದಕ್ಕೆ ಹೇಳುತ್ತಿಲ್ಲ. ಚಿತ್ರಗಳು ಚೆನ್ನಾಗಿವೆ, ನನಗೂ ಇಷ್ಟ.

ಇಂಗ್ಲೆಂಡಿನವರು ತಮ್ಮ ಊರನ್ನು ಬರೆದುಕೊಂಡಿದ್ದೂ ಹಾಗೇ. ಗೇನ್ಸ್‌ಬರೊ 1750ರ ಸುಮಾರಿಗೆ ಬರೆದ ಆಂಡ್ರ್ಯೂಸ್ ದಂಪತಿಯ ಚಿತ್ರದಲ್ಲಿ ಗಂಡ ಹೆಂಡತಿ ಒಂದು ಪಕ್ಕ ಇದ್ದಾರೆ, ಮಿಕ್ಕಿದ್ದೆಲ್ಲ ಅವರ ಜಮೀನು. ಕೊಯ್ದು ಕಟ್ಟಿದ ಪೈರಿನ ಕಂತೆ ಇದೆ, ಕೊಯ್ದವರು ಒಬ್ಬರೂ ಇಲ್ಲ. ಮೈಸೂರಿನ ಪ್ರದರ್ಶನದಲ್ಲೂ ಮಂಡ್ಯದ ಗದ್ದೆ ಐದಾರು ಇದ್ದವು, ನಾಟಿ ಹಾಕುವ ಹೆಂಗಸು ಒಂದರಲ್ಲೂ ಇರಲಿಲ್ಲ! ಆ ಹಸಿರು ವಿಶ್ವೇಶ್ವರಯ್ಯ ನಾಲೆಯಿಂದ ಬಂದಿದ್ದು. ನಾಲೆಗೆ ನೀರು ಕೊಡಲು ಕನ್ನಂಬಾಡಿ ಮುಳುಗಿದ್ದು. ಗೋಡೆಯ ಕೊನೆಯಲ್ಲಿ ಕೆಆರ್‌ಎಸ್ ಹಿನ್ನೀರಿನ ಚಿತ್ರವೂ ಇತ್ತು, 'ಪ್ರಶಾಂತ' ಅಂತ ಹೆಸರು. ನೀರಿನ ಕೆಳಗೆ ಊರಿತ್ತು ಅನ್ನೋದು ಬೇಡ, ಯಾವ ವರ್ಷ, ಯಾವ ದಡದಿಂದ ಬರೆದದ್ದು ಅಂತ ಒಂದು ಸಾಲಾದರೂ ಚೀಟಿಯಲ್ಲಿ ಹಾಕಬಹುದಿತ್ತು. ಬೆಲೆ ಮಾತ್ರ ದಪ್ಪ ಅಕ್ಷರದಲ್ಲಿತ್ತು.

- ಒಬ್ಬ ಓದುಗ, ಶ್ರೀರಂಗಪಟ್ಟಣ