ಲಂಡನ್ ಮೇಯರ್ ಅವರಿಗೆ: ರೈಲು ಹಳಿಯ ಕೆಳಗೆ ಒಂದು ಕೋಣೆ ಕೊಡಿ

ಮಾನ್ಯ ಸಾದಿಕ್ ಖಾನ್ ಅವರಿಗೆ, ನಿಮ್ಮ ಊರಿನಲ್ಲಿ ನೆಲೆಸಿರುವ ಕನ್ನಡಿಗನೊಬ್ಬನ ನಮಸ್ಕಾರಗಳು.

ಮೊದಲೇ ಏನನ್ನೂ ಗೊತ್ತುಮಾಡಿಕೊಳ್ಳದೆ ಆ ಕ್ಷಣದಲ್ಲೇ ಹುಟ್ಟಿಸಿ ನುಡಿಸುವ ಈ ಊರಿನ ವಾದಕರ ಪರವಾಗಿ ಒಂದು ಮನವಿ ಇದು. ಮನಸ್ಸಿನ ಮಾತಾದ್ದರಿಂದ ನನ್ನ ಭಾಷೆಯಲ್ಲೇ ಬರೆದಿದ್ದೇನೆ. ಇಂಗ್ಲಿಷ್ ಪ್ರತಿಯನ್ನು ನಿಮ್ಮ ಕಚೇರಿಗೆ ಕಳುಹಿಸುತ್ತೇನೆ.

1966ರ ಜನವರಿಯಲ್ಲಿ ಡ್ರಮ್ ವಾದಕ ಜಾನ್ ಸ್ಟೀವನ್ಸ್ ಮತ್ತು ಅವರ ಗೆಳೆಯರು ಸೇಂಟ್ ಮಾರ್ಟಿನ್ಸ್ ಲೇನ್ ಬಳಿಯ ಲಿಟಲ್ ಥಿಯೇಟರ್ ಕ್ಲಬ್‌ನಲ್ಲಿ ನುಡಿಸತೊಡಗಿದರು. ನಾಟಕ ಮುಗಿದು ಜನ ಮನೆಗೆ ಹೊರಟ ಮೇಲೆ ಅವರ ಸರದಿ. ಬರಬರುತ್ತಾ ಎದುರಿಗೆ ಬರೆದಿಟ್ಟ ಸ್ವರವೂ ಉಳಿಯಲಿಲ್ಲ, ಮೊದಲೇ ಗೊತ್ತುಮಾಡಿಕೊಂಡ ತಾಳವೂ ಉಳಿಯಲಿಲ್ಲ. ತಂಡದ ಹೆಸರು ಸ್ಪಾಂಟೇನಿಯಸ್ ಮ್ಯೂಸಿಕ್ ಎನ್ಸೆಂಬಲ್. ಗಿಟಾರಿನ ಡೆರೆಕ್ ಬೇಲಿ, ಸ್ಯಾಕ್ಸೋಫೋನಿನ ಎವನ್ ಪಾರ್ಕರ್ ಆ ಪುಟ್ಟ ಜಾಗದಲ್ಲಿ ಪಳಗಿದವರು. ಪಕ್ಕದವರ ವಾದ್ಯ ನಿನಗೆ ಕೇಳಿಸದಿದ್ದರೆ ನೀನು ಜೋರಾಗಿ ನುಡಿಸುತ್ತಿದ್ದೀಯೆ ಎಂಬುದು ಸ್ಟೀವನ್ಸ್ ಹೇಳಿಕೊಡುತ್ತಿದ್ದ ಪಾಠ. ಗಾಯಕರ ಆಲಾಪನೆಯ ಜಾಡು ಹಿಡಿದು ಪಿಟೀಲು ಸಾಗುವುದನ್ನು ಕೇಳುತ್ತಾ ಬೆಳೆದ ನನಗೆ ಇದು ಹೊರಗಿನ ಮಾತು ಅನ್ನಿಸಲಿಲ್ಲ. ನಮ್ಮ ಸಂಗೀತದ ಮನೋಧರ್ಮಕ್ಕೆ, ಅಂದರೆ ಆಗಲೇ ಹುಟ್ಟಿಸಿ ಹಾಡುವುದಕ್ಕೆ, ರಾಗದ ನೆಲವಾದರೂ ಇದೆ. ಇವರು ಅದನ್ನೂ ಬಿಟ್ಟು, ಕಿವಿಯೊಂದನ್ನೇ ನಂಬಿ ನಿಂತವರು.

ಸುಮಾರು ಹತ್ತು ವರ್ಷಗಳ ಬಳಿಕ ಇಂಥ ವಾದಕರೇ ಸೇರಿ ಲಂಡನ್ ಮ್ಯುಸಿಷಿಯನ್ಸ್ ಕಲೆಕ್ಟಿವ್ ಎಂಬ ಕೂಟ ಕಟ್ಟಿಕೊಂಡರು. ಕ್ಯಾಮ್ಡೆನ್‌ನ ಗ್ಲಾಸ್ಟರ್ ಅವೆನ್ಯೂದಲ್ಲಿ ರೈಲ್ವೆಯ ಹಳೆಯ ಕಟ್ಟಡವೇ ಅವರಿಗೆ ನೆಲೆಯಾಯಿತು. 2002ರಲ್ಲಿ ರೆಸೊನೆನ್ಸ್ ಎಫ್‌ಎಂ ಬಾನುಲಿಯನ್ನು ಹುಟ್ಟುಹಾಕಿದ್ದೂ ಇದೇ ಕೂಟ. 2008ರಲ್ಲಿ ಕಲೆಗಳಿಗೆ ಸರ್ಕಾರದ ಹಣ ಹಂಚುವ ಆರ್ಟ್ಸ್ ಕೌನ್ಸಿಲ್ ಈ ಕೂಟದ ಅನುದಾನವನ್ನು ನಿಲ್ಲಿಸಿತು. ಆ ನಿರ್ಧಾರ ತಪ್ಪಾಗಿತ್ತೆಂದೇ ನಾನು ಇಂದಿಗೂ ನಂಬಿದ್ದೇನೆ.

ಊರು ಹೇಗೆ ಬೆಳೆಯಬೇಕೆಂದು ಹೇಳುವ ನಿಮ್ಮ 2021ರ ಲಂಡನ್ ಯೋಜನೆಯಲ್ಲಿ ಒಳ್ಳೆಯ ನಿಯಮವೊಂದಿದೆ: ಹಳೆಯ ಸಂಗೀತ ಸ್ಥಳದ ಪಕ್ಕದಲ್ಲಿ ಹೊಸ ಮನೆ ಕಟ್ಟುವವರೇ ಸದ್ದು ತಡೆಯುವ ಹೊಣೆ ಹೊರಬೇಕು. ಇದ್ದ ಜಾಗ ಅದರಿಂದ ಉಳಿಯಬಹುದು. ಜಾಗವೇ ಇಲ್ಲದವರ ಗತಿ ಏನು? ಇಪ್ಪತ್ತು ಜನ ಕೇಳುವ ಸಂಗೀತ ಈ ಊರಿನ ಬಾಡಿಗೆಯನ್ನು ತಾನೇ ದುಡಿದು ಕಟ್ಟಲಾರದು. 1966ರಲ್ಲೂ ಕಟ್ಟಿರಲಿಲ್ಲ, ನಾಟಕದವರ ರಂಗ ಖಾಲಿಯಿತ್ತು, ಅಷ್ಟೆ.

ನೀವು ಅಧ್ಯಕ್ಷರಾಗಿರುವ, ಊರಿನ ಸಾರಿಗೆ ನಡೆಸುವ ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್ ಸಂಸ್ಥೆಗೆ ರೈಲು ಹಳಿಗಳ ಕೆಳಗಿನ ಕಮಾನು ಮಳಿಗೆಗಳಿವೆ. ಖಾಲಿ ಬಿದ್ದಿರುವ ಒಂದನ್ನು, ಒಂದೇ ಒಂದನ್ನು, ಹೆಸರಿಗಷ್ಟು ಬಾಡಿಗೆಗೆ ಐದು ವರ್ಷ ಇಂದಿನ ಈ ವಾದಕರಿಗೆ ಬಿಟ್ಟುಕೊಡಿ. ಬೀಗದ ಕೈ, ವಿದ್ಯುತ್ತು, ಮಳೆ ಸೋರದ ಛಾವಣಿ ಸಾಕು. ತಲೆಯ ಮೇಲೆ ರೈಲು ಹೋದರೆ ಅದನ್ನೂ ಕೇಳಿಸಿಕೊಂಡು ನುಡಿಸುವವರು ಇವರು.

ಇತಿ,
ಒಬ್ಬ ಕೇಳುಗ