ಮೆಟಡೋರ್ ಮತ್ತೆ ರೋಡಿಗಿಳಿದಿದೆ, ಬೇಡ ಅಂದವರಿಗೆಲ್ಲ ಥ್ಯಾಂಕ್ಸ್

ನಮ್ಮ ಮನೆಯ ಹಳೇ ಮೆಟಡೋರ್ ವ್ಯಾನು ಸಂಕ್ರಾಂತಿ ಮುಗಿದ ಮೇಲೆ ದಾವಣಗೆರೆಯಿಂದ ಹಿರಿಯೂರಿನ ಹತ್ತಿರದ ಮಾರಿಕಣಿವೆ ಡ್ಯಾಮಿಗೆ ಹೋಗಿ, ದಾರಿಯಲ್ಲಿ ಎಲ್ಲೂ ಕೈಕೊಡದೆ ವಾಪಸ್ ಬಂತು. ಆರ್‌ಸಿ ರಿನ್ಯೂವಲ್ ಆಗಿದೆ. ಇನ್ಶೂರೆನ್ಸ್ ಇದೆ, ಎಮಿಷನ್ ಸರ್ಟಿಫಿಕೇಟ್ ಇದೆ. ಫೋಟೊ ನೋಡಿದವರೆಲ್ಲ "ಮೇಡಂ, ನಿಮ್ಮ ಧೈರ್ಯ ಮೆಚ್ಚಬೇಕು" ಅಂತಿದ್ದಾರೆ. ಧೈರ್ಯ ನನ್ನದೇ ಇರಬಹುದು. ಆದರೆ ಕೆಲಸ ಮಾಡಿದ ಕೈಗಳು ಬೇರೆಯವರದು. ಅವರಿಗೆ ನಾಲ್ಕು ಜನರ ಮುಂದೆ ಥ್ಯಾಂಕ್ಸ್ ಹೇಳೋಣ ಅಂತ ಇದನ್ನು ಬರೆಯುತ್ತಿದ್ದೇನೆ. ಹೆಸರು ಹಾಕಿದರೆ ಕೆಲವರು ಬೈತಾರೆ. ಅದಕ್ಕೇ ಅವರವರ ಕೆಲಸದ ಹೆಸರಲ್ಲೇ ಕರೆಯುತ್ತೇನೆ.

ಇವರಲ್ಲಿ ಅರ್ಧ ಜನ ನಾನು ಕೇಳಿದ್ದನ್ನು ಮಾಡಿಕೊಟ್ಟವರು. ಇನ್ನರ್ಧ ಜನ ನಾನು ಕೇಳಿದ್ದನ್ನು ಸುತಾರಾಂ ಮಾಡಲ್ಲ ಅಂದವರು. ನನಗೆ ಎರಡನೆಯವರ ಋಣವೇ ದೊಡ್ಡದು ಅನ್ನಿಸುತ್ತದೆ.

ಈಗಿನ ಹುಡುಗರಿಗೆ ಮೆಟಡೋರ್ ಅಂದರೆ ಗೊತ್ತಿರಲಿಕ್ಕಿಲ್ಲ. ಜರ್ಮನಿಯ ಹ್ಯಾಂಬರ್ಗ್‌ನ ಟೆಂಪೊ ಕಂಪನಿಯ ಗಾಡಿ ಅದು. ನಮ್ಮಲ್ಲಿ ಪುಣೆಯ ಬಜಾಜ್ ಟೆಂಪೊದವರು ಮಾಡುತ್ತಿದ್ದರು. ಅದೇ ಕಂಪನಿ 2005ರಿಂದ ಫೋರ್ಸ್ ಮೋಟಾರ್ಸ್. ಮೊದಮೊದಲು ಹ್ಯಾನೊಮ್ಯಾಗ್ ಎಂಜಿನ್ ಬರುತ್ತಿತ್ತು, ಆಮೇಲೆ ಮರ್ಸಿಡಿಸ್‌ನ ಒಎಂ616 ಬಂತು. ನಮ್ಮದರಲ್ಲಿರೋದು ಅದೇ, 2.4 ಲೀಟರಿನ ಡೀಸೆಲ್. ನಮ್ಮ ಮಾವ ತೊಂಬತ್ತರ ದಶಕದಲ್ಲಿ ಈ ಗಾಡಿ ಓಡಿಸಿ ಮೂರು ಮಕ್ಕಳನ್ನು ಓದಿಸಿದರು. ಮದುವೆ ದಿಬ್ಬಣ, ಧರ್ಮಸ್ಥಳ ಟ್ರಿಪ್ಪು, ಸ್ಕೂಲ್ ಮಕ್ಕಳು, ಒಮ್ಮೊಮ್ಮೆ ಮಂಡಕ್ಕಿ ಮೂಟೆ. ಅವರಿಗೆ ಮಂಡಿ ನೋವು ಜಾಸ್ತಿಯಾದ ಮೇಲೆ ಗಾಡಿ ಹದಡಿ ರಸ್ತೆಯ ನಮ್ಮ ಖಾಲಿ ಸೈಟಿನಲ್ಲಿ ನಿಂತುಬಿಟ್ಟಿತು. ಗುಜರಿಯವರು ಬಂದು ಬಂದು ರೇಟ್ ಕೇಳುತ್ತಿದ್ದರು. ಮಾವ ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ.

2022ರಲ್ಲಿ ಮಾರಿಕಣಿವೆ ಕೋಡಿ ಬಿತ್ತು. ವಾಣಿ ವಿಲಾಸ ಸಾಗರ ಅಂತಲೂ ಕರೆಯುವ ಈ ಡ್ಯಾಂ ಕಟ್ಟಿದ್ದು 1907ರಲ್ಲಿ. 1933ರಲ್ಲಿ ಒಮ್ಮೆ ಕೋಡಿ ಬಿದ್ದಿದ್ದು ಬಿಟ್ಟರೆ ಮತ್ತೆ ಬಿದ್ದಿದ್ದು ಆಗಲೇ, 89 ವರ್ಷದ ಮೇಲೆ. ಇಡೀ ಜಿಲ್ಲೆಯೇ ಅಲ್ಲಿಗೆ ಹೋಗಿ ನೋಡಿಬಂತು. ಮಾವ ಟಿವಿಯಲ್ಲಿ ನೋಡಿದರು. ಕಾರಿನಲ್ಲಿ ಕರ್ಕೊಂಡು ಹೋಗ್ತೀವಿ ಅಂದರೆ, ಕಾಲು ಮಡಚಿ ಕೂರಕ್ಕಾಗಲ್ಲ ಅಂದರು. ಅವತ್ತೇ ನನ್ನ ತಲೆಗೆ ಈ ಹುಳ ಹೊಕ್ಕಿದ್ದು. ಈ ಗಾಡಿ ರಿಪೇರಿ ಮಾಡಿಸಬೇಕು, ಹಿಂದಿನ ಸೀಟು ತೆಗೆಸಿ ಕಾಲು ಚಾಚಿ ಮಲಗೋ ಹಾಗೆ ಮಾಡಿಸಬೇಕು, ಮನೆಮಂದಿಯೆಲ್ಲ ಊರೂರು ಸುತ್ತಬೇಕು ಅಂತ.

ಮೊದಲ ಥ್ಯಾಂಕ್ಸ್ ಟಿಂಕರ್ ಚಾಚಾಗೆ. ಗಾಡಿಯನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ಅವರ ಶೆಡ್ಡಿಗೆ ತಂದಾಗ, ಅವರು ಮಾತೇ ಆಡದೆ ಒಂದು ಸ್ಕ್ರೂಡ್ರೈವರ್ ತಗೊಂಡು ಕೆಳಗೆ ಮಲಗಿದರು. ಕುಟ್ಟುತ್ತಾ ಹೋದರು. ಕೆಲವು ಕಡೆ ಟಣ್ ಅಂತ ಶಬ್ದ ಬರುತ್ತಿತ್ತು, ಕೆಲವು ಕಡೆ ಸ್ಕ್ರೂಡ್ರೈವರ್ ಸೀದಾ ಒಳಗೇ ಹೋಗುತ್ತಿತ್ತು. ಡ್ರೈವರ್ ಕಾಲಿಡೋ ಜಾಗದಲ್ಲಿ ತಗಡೇ ಇರಲಿಲ್ಲ. ಮ್ಯಾಟ್ ಕೆಳಗೆ ಬರೀ ತುಕ್ಕಿನ ಪುಡಿ. ಎಂಜಿನ್ ಪಾರ್ಟ್ಸ್ ಇವತ್ತಿಗೂ ಸಿಗುತ್ತವೆ, ಯಾಕಂದರೆ ಅದೇ ಎಂಜಿನ್ ಅದೇ ಕಂಪನಿಯ ಟ್ರಾಕ್ಸ್, ಟ್ರಾವೆಲರ್ ಗಾಡಿಗಳಿಗೂ ಬರುತ್ತಿತ್ತು. ಬಾಡಿ ಪಾರ್ಟ್ಸ್ ಮಾತ್ರ ಕೇಳಲೇಬೇಡಿ. ಎಲ್ಲವನ್ನೂ ಕೈಯಲ್ಲೇ ಮಾಡಬೇಕು. ಚಾಚಾ ಹಳೇ ಕ್ಯಾಲೆಂಡರ್ ಹಾಳೆಯನ್ನು ತೂತಿನ ಮೇಲೆ ಒತ್ತಿ ಹಿಡಿದು, ಅಂಚಿಗೆ ಬೆರಳಾಡಿಸಿ ಗುರುತು ಮೂಡಿಸಿ, ಅದನ್ನು ಕತ್ತರಿಸಿ ತಗಡಿನ ಮೇಲಿಟ್ಟು ಗೆರೆ ಎಳೆದರು. ತಗಡು ಕತ್ತರಿಸಿದ ಮೇಲೆ ಹಿಂದೆ ಒಂದು ಕಬ್ಬಿಣದ ಗಟ್ಟಿ ಕೊಟ್ಟು, ಮುಂದಿನಿಂದ ಮೆಲ್ಲಗೆ ಬಡಿದು ಬಡಿದು ಆ ಬಾಗು ತಂದರು. ಕೂಡಿಸಿದಾಗ ಒಂದು ಕೂದಲು ತೂರುವಷ್ಟೂ ಸಂದಿಲ್ಲ.

ನಾನು "ಚಾಚಾ, ಲಪ್ಪ (ತೂತು ಮುಚ್ಚೋ ಪೇಸ್ಟು) ಹಚ್ಚಿ ಮುಚ್ಚಿದರೆ ಬೇಗ ಆಗುತ್ತಲ್ವಾ?" ಅಂದೆ. "ಅದು ಮಾರೋ ಗಾಡಿಗ್ರೀ ಮೇಡಮ್ಮೋರೆ. ನೀವು ಓಡ್ಸೋರು" ಅಂದರು. ಬಾಗಿಲ ತಳದಲ್ಲಿ ನೀರು ಇಳಿದುಹೋಗಲು ಸಣ್ಣ ತೂತುಗಳಿರುತ್ತವಂತೆ. ಅವು ಮುಚ್ಚಿಹೋಗಿ ನೀರು ಒಳಗೇ ನಿಂತು ಬಾಗಿಲು ಕೊಳೆತಿತ್ತು. ಅವನ್ನೆಲ್ಲ ಬಿಡಿಸಿ, ಒಳಗೂ ತುಕ್ಕು ತಡೆಯೋ ರೆಡ್ ಆಕ್ಸೈಡ್ ಬಣ್ಣ ಹೊಡೆದರು. ಮೇಲೆ ದೊಡ್ಡ ಕ್ಯಾರಿಯರ್, ಅದರ ಮೇಲೊಂದು ಟೆಂಟ್ ಅಂತ ನನ್ನ ಪ್ಲಾನ್ ಇತ್ತು. ಅದಕ್ಕೂ ಅವರು ಒಪ್ಪಲಿಲ್ಲ. ಮೊದಲೇ ಎತ್ತರದ ಗಾಡಿ, ಚಿತ್ರದುರ್ಗದ ಹತ್ತಿರ ಅಡ್ಡಗಾಳಿ ಹೆಂಗೆ ಹೊಡಿತದೆ ಗೊತ್ತಲ್ಲ, ಫ್ಯಾನು ಸುಮ್ನೆ ನೆಟ್ಟಿದ್ದಾರಾ ಅಲ್ಲಿ ಅಂದರು. ಆ ಗಾಳಿಯಂತ್ರಗಳ ಕೆಳಗೆ ಹೈವೇಯಲ್ಲಿ ಬರುವಾಗ ಸ್ಟೇರಿಂಗ್ ಎಳೆದ ಪರಿ ನೋಡಿ ಚಾಚಾನನ್ನು ನೆನೆಸಿಕೊಂಡೆ.

ಎಂಜಿನ್ ಮೇಸ್ತ್ರಿಯವರದು ಇನ್ನೊಂದು ಗತ್ತು. ಗೊತ್ತಿರುವವರೊಬ್ಬರು "ಹೊಸ ಕಾಮನ್‌ರೈಲ್ ಎಂಜಿನ್ (ಕಂಪ್ಯೂಟರ್ ನಿಯಂತ್ರಣದ ಈಗಿನ ಡೀಸೆಲ್ ಎಂಜಿನ್) ಹಾಕಿಸಿ, ಪಿಕಪ್ ಚೆನ್ನಾಗಿರುತ್ತೆ" ಅಂತ ನನ್ನ ಕಿವಿ ಊದಿದ್ದರು. ಮೇಸ್ತ್ರಿ ಹೆಡ್ ಬಿಚ್ಚಿ, ಬೋರ್ ಮೇಲೆ ಬೆರಳಾಡಿಸಿ, "ಈ ಎಂಜಿನ್ನಿಗೆ ಏನ್ ರೋಗ ಐತಿ? ನಿಂತು ನಿಂತು ಜಡ್ಡುಗಟ್ಟೈತಿ ಅಷ್ಟೇ" ಅಂದರು. ಹೊಸದು ಹಾಕಿದರೆ ಅದರ ಕಂಪ್ಯೂಟರ್, ಸೆನ್ಸರ್, ವೈರಿಂಗ್ ಎಲ್ಲ ಬೇಕು. ದಾರಿಯಲ್ಲಿ ಕೆಟ್ಟರೆ ಸ್ಕ್ಯಾನರ್ ಇರೋ ಕಡೆಗೇ ಎಳ್ಕೊಂಡು ಹೋಗಬೇಕು. ಹಳೇದಾದರೆ ಹಿರಿಯೂರಲ್ಲೂ ಬಿಚ್ಚೋರು ಇದ್ದಾರೆ. ರಿಂಗು, ಬೇರಿಂಗು, ವಾಲ್ವ್ ಸೀಟು, ಹೆಡ್ ಗ್ಯಾಸ್ಕೆಟ್, ಟೈಮಿಂಗ್ ಚೈನು ಇಷ್ಟರಲ್ಲೇ ಕೆಲಸ ಮುಗಿಯಿತು. ಅವರು ಹೀಟರ್ ಪ್ಲಗ್‌ಗಳನ್ನು ಮಾತ್ರ ಎರಡು ಸಲ ಬದಲಾಯಿಸಬೇಕಾಯಿತು. ಮೊದಲ ಸೆಟ್ ಕೊಟ್ಟ ಅಂಗಡಿಯವರು ಡೂಪ್ಲಿಕೇಟ್ ಮಾಲನ್ನು ಒರಿಜಿನಲ್ ಡಬ್ಬದಲ್ಲಿ ಹಾಕಿ ಕೊಟ್ಟಿದ್ದರು. ವಾಪಸ್ ತಗೊಳ್ಳಲಿಲ್ಲ. ಹೋಗಲಿ ಬಿಡಿ. ಆಮೇಲೆ ಬೆಂಗಳೂರಿನಲ್ಲಿ ಗಾಡಿ ಪಾರ್ಟ್ಸ್ ಅಂಗಡಿಗಳಿರುವ ಜೆ.ಸಿ. ರೋಡೆಲ್ಲ ಅಲೆದು ಸರಿಯಾದದ್ದು ತಂದುಕೊಟ್ಟ ನನ್ನ ಹಳೇ ವಿದ್ಯಾರ್ಥಿಗೆ ದೇವರು ಒಳ್ಳೇದು ಮಾಡಲಿ.

ಎಸಿ ಹಾಕಿಸಬೇಕು ಅನ್ನೋದು ನನ್ನ ದೊಡ್ಡ ಆಸೆ. ನಮ್ಮ ಕಡೆ ಏಪ್ರಿಲ್ ಬಿಸಿಲು ಗೊತ್ತಲ್ಲ. ಅದರ ಮೇಲೆ ಈ ಗಾಡಿಯಲ್ಲಿ ಎಂಜಿನ್ ಇರೋದೇ ಡ್ರೈವರ್ ಪಕ್ಕದಲ್ಲಿ. ಮೇಸ್ತ್ರಿ ಖಡಾಖಂಡಿತವಾಗಿ ಬೇಡ ಅಂದರು. ಕಂಪ್ರೆಸರ್ ಎಂಜಿನ್ನಿನ ಶಕ್ತಿ ತಿನ್ನುತ್ತೆ. ಕಂಡೆನ್ಸರ್ ರೇಡಿಯೇಟರಿನ ಮುಂದೆ ಕೂತು ಬಿಸಿ ಗಾಳಿಯನ್ನೇ ಒಳಗೆ ಕಳಿಸುತ್ತೆ. ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಮೇಲೇರಿ ಎಂಜಿನ್ ಹೆಡ್ ಹೋದರೆ ಏನ್ ಮಾಡ್ತೀರಿ ಅಂದರು. ಎಸಿ ದುಡ್ಡಲ್ಲಿ ಅರ್ಧವನ್ನು ರೇಡಿಯೇಟರ್ ಅಂಗಡಿಗೆ ಕೊಡಿ ಅಂತ ಕಳಿಸಿದರು. ಅಲ್ಲಿ ಮೇಲಿನ ತೊಟ್ಟಿ, ಕೆಳಗಿನ ತೊಟ್ಟಿ ಎರಡರ ಬೆಸುಗೆ ಬಿಡಿಸಿ, ಒಂದೊಂದೇ ಕೊಳವೆಗೆ ಕಂಬಿ ತೂರಿಸಿ ಕಿಟ್ಟ ತೆಗೆದರು. ಇನ್ನರ್ಧ ದುಡ್ಡು ಛಾವಣಿಗೆ ಹೋಯಿತು. ಎಂಜಿನ್ ಕವರಿನ ಕೆಳಗೆ, ಛಾವಣಿಯ ಒಳಗೆ ಬಿಸಿ ತಡೆಯೋಕೆ ನೈಟ್ರೈಲ್ ರಬ್ಬರ್ ಶೀಟ್ ಅಂಟಿಸಿದ್ದೇವೆ. ಗ್ಲಾಸ್ ವುಲ್ ಆದರೆ ನೀರು ಹಿಡಿದು ಮತ್ತೆ ತುಕ್ಕು ತರುತ್ತೆ ಅಂತ ಕುಷನ್ ಅಂಗಡಿಯವರು ಹೇಳಿದ್ದು. ಅವರಿಗೂ ಒಂದು ನಮಸ್ಕಾರ.

ಎಂಜಿನ್ನಿಗೆ ಡೀಸೆಲ್ ಕಳಿಸೋ ಪಂಪಿನ ರಿಪೇರಿ ಮಾಡೋ ಅಣ್ಣನ ಬಗ್ಗೆ ಒಂದಿಷ್ಟು ಹೇಳಲೇಬೇಕು. ಪಂಪ್ ಮಾಡೋ ಮೈಕೋ ಕಂಪನಿಯ ಹೆಸರು ಬಾಷ್ ಆಗಿ ಎಷ್ಟೋ ವರ್ಷವಾದರೂ ನಮ್ಮ ಕಡೆ ಇನ್ನೂ ಮೈಕೋ ಪಂಪ್ ಅಂತಲೇ ಅನ್ನೋದು. ಅವರ ರೂಮಿನಲ್ಲಿ ಧೂಳೇ ಇಲ್ಲ, ಚಪ್ಪಲಿ ಹೊರಗೆ ಬಿಡಬೇಕು. ಪಂಪನ್ನು ಬೆಂಚಿಗೆ ಕೂಡಿಸಿ ತಿರುಗಿಸಿದರು. ಸಾಲಾಗಿ ನಾಲ್ಕು ಗಾಜಿನ ಕೊಳವೆ, ನಾಲ್ಕಕ್ಕೂ ಡೀಸೆಲ್ ಚಿಮ್ಮುತ್ತಿತ್ತು. ನಿಲ್ಲಿಸಿ ನೋಡಿದರೆ ಮೂರನೇದರಲ್ಲಿ ಮಟ್ಟ ಕಡಿಮೆ. ಗಾಡಿ ಐಡ್ಲಿಂಗ್‌ನಲ್ಲಿ ಕುಂಟುತ್ತಿದ್ದದ್ದು ಇದಕ್ಕೇ. ಒಂದು ಸ್ಕ್ರೂ ಸಡಿಲಿಸಿ ಕೂದಲೆಳೆಯಷ್ಟು ಸರಿಸಿದರು, ಮತ್ತೆ ತಿರುಗಿಸಿದರು. ಮತ್ತೆ ಸರಿಸಿದರು. ನಾಲ್ಕೂ ಒಂದೇ ಗೆರೆಗೆ ಬಂದು ನಿಂತಾಗ ನನಗೇ ಕೈ ತಟ್ಟಬೇಕು ಅನ್ನಿಸಿತು. "ಸ್ವಲ್ಪ ಡೀಸೆಲ್ ಜಾಸ್ತಿ ಬಿಡಿ ಅಣ್ಣಾ, ಪಿಕಪ್ ಬರಲಿ" ಅಂದೆ. "ಪಿಕಪ್ ಬರಲ್ಲ, ಕರೀ ಹೊಗೆ ಬರ್ತೈತಿ. ಎಮಿಷನ್‌ನಾಗ ಫೇಲ್ ಆಗಿ ಮತ್ತೆ ನನ್ನ ಹತ್ರಾನೇ ಬರ್ತೀರಿ" ಅಂದರು. ಎಮಿಷನ್ ಮೊದಲ ಸಲಕ್ಕೇ ಪಾಸ್.

ಗೇರ್ ರಾಡಿನ ಬುಷ್‌ಗಳು ಎಲ್ಲೂ ಸಿಗಲಿಲ್ಲ. ಅವನ್ನು ಮಾಡಿಕೊಟ್ಟಿದ್ದು ಹರಿಹರದ ಒಬ್ಬ ಹಿರಿಯರು. ಮನೆಯ ಮುಂದಿನ ಸಣ್ಣ ಶೆಡ್ಡಿನಲ್ಲಿ ಅವರದೊಂದು ಲೇತ್. ಅದೂ ಹರಿಹರದಲ್ಲೇ ತಯಾರಾದ ಕಿರ್ಲೋಸ್ಕರ್. ಸವೆದ ಬುಷ್ ನೋಡಿ, ಮೊದಲು ಎಷ್ಟಿತ್ತು ಅಂತ ಲೆಕ್ಕ ಹಾಕಿ, ಗನ್‌ಮೆಟಲ್‌ನಲ್ಲಿ ಕಡೆದರು. ದುಡ್ಡು ಕೇಳಿದರೆ "ಮೆಟಡೋರ್‌ನಾಗ ನನ್ನ ದಿಬ್ಬಣ ಹೋಗಿತ್ತವ್ವ" ಅಂತ ನಕ್ಕರು. ನಾನು ಬಲವಂತವಾಗಿ ಕೊಟ್ಟುಬಂದೆ. ಹಳೇ ಕಸುಬಿನವರನ್ನು ಬಾಯ್ತುಂಬ ಹೊಗಳಿ ಬಿಲ್ಲಿನಲ್ಲಿ ಚೌಕಾಸಿ ಮಾಡೋ ಜನ ನಮ್ಮಲ್ಲಿ ಜಾಸ್ತಿ. ನನಗೆ ಅದು ಸರಿ ಕಾಣಲ್ಲ.

ವೈರಿಂಗ್ ಮಾಡಿದ ಹುಡುಗ ಡಿಪ್ಲೊಮಾ ಓದುತ್ತಿದ್ದಾನೆ. ಹಳೇ ವೈರೆಲ್ಲ ಕಿತ್ತು, ಪ್ರತಿ ಲೈನಿಗೂ ಫ್ಯೂಸ್ ಕೊಟ್ಟ. ಹೆಡ್‌ಲೈಟಿಗೆ ರಿಲೇ ಹಾಕಿದ. ಹಿಂದೆ ಕರೆಂಟು ಸವೆದ ಸ್ವಿಚ್ಚಿನ ಮೂಲಕ ಸುತ್ತಿ ಬರುತ್ತಿತ್ತು, ಈಗ ಬ್ಯಾಟರಿಯಿಂದ ಸೀದಾ. ಅದೇ ಬಲ್ಬು, ಎರಡು ಪಟ್ಟು ಬೆಳಕು ಅನ್ನಿಸುತ್ತೆ. ನನಗೆ ಇಂಡಕ್ಷನ್ ಒಲೆ, ಮಿಕ್ಸಿ, ಇನ್ವರ್ಟರ್ ಎಲ್ಲ ಬೇಕಿತ್ತು. ಅವನು ಪೇಪರ್ ಪೆನ್ನು ತಗೊಂಡು ಕೂತ. "ಮೇಡಂ, 12.8 ವೋಲ್ಟು, 100 ಎಎಚ್ ಲಿಥಿಯಂ ಬ್ಯಾಟರಿ ಅಂದರೆ ಸುಮಾರು 1,280 ವ್ಯಾಟ್ ಅವರ್. ಇಂಡಕ್ಷನ್ 2,000 ವ್ಯಾಟಿನದು. ಮುಕ್ಕಾಲು ಗಂಟೆಯೂ ಬರಲ್ಲ. ಅದೇ ಎರಡು ಫ್ಯಾನು, ಲೈಟು, ಮೊಬೈಲ್ ಚಾರ್ಜಿಂಗ್ ಆದರೆ ರಾತ್ರಿಯೆಲ್ಲ ಆರಾಮ." ಲೆಕ್ಕ ಹೇಳಿಕೊಡೋ ಮೇಡಂಗೇ ಲೆಕ್ಕ ಹೇಳಿದ! ಲಿಥಿಯಂ ಬ್ಯಾಟರಿಯನ್ನು ಆಲ್ಟರ್ನೇಟರಿಗೆ ಸೀದಾ ಕೊಟ್ಟರೆ ಅದು ಕರೆಂಟು ಎಳೆದೂ ಎಳೆದೂ ಆಲ್ಟರ್ನೇಟರ್ ಸುಡುತ್ತೆ ಅಂತ, ನಡುವೆ ಡಿಸಿ ಚಾರ್ಜರ್ ಹಾಕಿಸಿದ. ಮೇಲೆ ಒಂದು ಸೋಲಾರ್ ಪ್ಯಾನೆಲ್. ಅಷ್ಟೇ.

ಒಳಗೇ ಗ್ಯಾಸ್ ಒಲೆ ಕೂಡಿಸೋ ಮಾತು ಬಂದಾಗ ತಡೆದಿದ್ದು ಅತ್ತೆ. "ಮಲಗೋ ಜಾಗದಾಗ ಸಿಲಿಂಡರ್ ಇಡ್ತಾರೇನವ್ವ?" ಅಂದರು. ಅದಕ್ಕೆ ಉತ್ತರ ಇರಲಿಲ್ಲ. ಈಗ ಸಣ್ಣ ಸ್ಟೋವ್ ಹಿಂದಿನ ಬಾಗಿಲ ಡಬ್ಬದಲ್ಲಿರುತ್ತೆ, ಅಡುಗೆ ಏನಿದ್ದರೂ ಗಾಡಿಯ ಹೊರಗೆ.

ಕಾಗದಪತ್ರದ ಕೆಲಸಕ್ಕೆ ನಮ್ಮ ಯಜಮಾನರಿಗೆ ಥ್ಯಾಂಕ್ಸ್. ಹಳದಿ ಬೋರ್ಡಿನಿಂದ ಬಿಳಿ ಬೋರ್ಡಿಗೆ ಬದಲಾಯಿಸೋದು, ಬಾಕಿ ಟ್ಯಾಕ್ಸ್, ಸೀಟು ಕಡಿಮೆ ಮಾಡಿದ್ದಕ್ಕೆ ಅನುಮತಿ, ಎಲ್ಲಕ್ಕೂ ಅವರೇ ರಜ ಹಾಕಿ ಓಡಾಡಿದರು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯನ್ನು ಮನಸ್ಸಿಗೆ ಬಂದಂತೆ ಮಾರ್ಪಾಡು ಮಾಡುವ ಹಾಗಿಲ್ಲ. ಇಂಥ ಕೆಲಸಕ್ಕೆ ಕೈ ಹಾಕುವವರು ಮೊದಲು ಇದನ್ನು ವಿಚಾರಿಸಿಕೊಳ್ಳಿ. ಬಣ್ಣವೂ ಆರ್‌ಸಿಯಲ್ಲಿರುವುದೇ ಇರಲಿ ಅಂತ ಬಿಳಿಯನ್ನೇ ಹೊಡೆಸಿದೆವು. ಬ್ರೇಕ್ ಇನ್‌ಸ್ಪೆಕ್ಟರ್ ಗಾಡಿ ಓಡಿಸಿ ನೋಡಿ, ಇಳಿದು, ಚಾಚಾ ಮಾಡಿದ ತಗಡಿನ ಕೆಲಸವನ್ನು ಬಗ್ಗಿ ನೋಡಿದರು. ಎಲ್ಲಿ ಮಾಡಿಸಿದ್ರಿ ಅಂತ ಕೇಳಿದರು. ಆ ಮಾತನ್ನು ಚಾಚಾಗೆ ಅದೇ ಸಂಜೆ ಮುಟ್ಟಿಸಿದ್ದೇವೆ.

ಇದೆಲ್ಲ ಮುಗಿಯುವ ಹೊತ್ತಿಗೆ, 2025ರ ಜನವರಿಯಲ್ಲಿ, ಮಾರಿಕಣಿವೆ ಮೂರನೇ ಸಲ ಕೋಡಿ ಬಿತ್ತು. ಮಾವ ಹಿಂದೆ ಕಾಲು ಚಾಚಿ ಕೂತರು. ಚಿತ್ರದುರ್ಗದವರೆಗೂ ನನಗೆ ಗೇರ್ ಹಾಕೋದು ಹೇಳಿಕೊಟ್ಟರು. ನಾನು ಅಷ್ಟೊತ್ತಿಗೆ ಚೆನ್ನಾಗಿಯೇ ಹಾಕುತ್ತಿದ್ದೆ ಅನ್ನೋದು ಬೇರೆ ಮಾತು. ಹಿರಿಯೂರು ದಾಟಿ ಕೋಡಿಯ ನೀರು ಕಂಡಾಗ ಗಾಡಿ ನಿಲ್ಲಿಸು ಅಂದರು. ಮೊದಲು ಟೆಂಪರೇಚರ್ ಮುಳ್ಳು ನೋಡಿದರು, ಆಮೇಲೆ ನೀರು ನೋಡಿದರು.

ಶನಿವಾರ ಸಂಜೆ ಎಲ್ಲರನ್ನೂ ಮನೆಗೆ ಕರೆದಿದ್ದೇನೆ, ಮಿರ್ಚಿ ಮಂಡಕ್ಕಿಗೆ. ಬರದವರ ಪಾಲು ಅವರವರ ಶೆಡ್ಡಿಗೇ ಬರುತ್ತೆ. ಹಾಂ, ಇನ್ನೊಂದು ಮಾತು. ಎಡಗಡೆ ಮಧ್ಯದ ಕಿಟಕಿಯ ಜಾರೋ ಗಾಜಿಗೆ ರಬ್ಬರ್ ಚಾನೆಲ್ ಇನ್ನೂ ಸಿಕ್ಕಿಲ್ಲ. ಸದ್ಯಕ್ಕೆ ಸೈಕಲ್ ಟ್ಯೂಬ್ ಕತ್ತರಿಸಿ ಹಾಕಿದ್ದೇವೆ, ಲೊಟಲೊಟ ಅನ್ನುತ್ತೆ. ನಿಮ್ಮ ಊರಿನ ಗುಜರಿಯಲ್ಲಿ ಹಳೇ ಮೆಟಡೋರ್ ಏನಾದರೂ ಬಿದ್ದಿದ್ದರೆ ದಯವಿಟ್ಟು ತಿಳಿಸಿ. ಕಿಟಕಿ ಫ್ರೇಮ್ ಸಮೇತ ಸಿಕ್ಕರೆ ಇನ್ನೂ ಒಳ್ಳೆಯದು, ಅವರು ಹೇಳಿದ ರೇಟಿಗೇ ತಗೊಳ್ತೇನೆ.